ಸ್ಕೋರ್ ಪುಸ್ತಕದ ಕೊನೆಯ ಹಾಳೆಗಳು

ನಾಗೇಂದ್ರ ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳೆದ ವರ್ಷದ ಗಲಾಟೆಯ ನಂತರ ಅವನನ್ನು ಧೀರ ಎಂದು ಹೊಗಳಿದವರಿದ್ದಾರೆ, ಕೃತಘ್ನ ಎಂದು ಬೈದವರೂ ಇದ್ದಾರೆ. ಎರಡೂ ಸರಿಯಲ್ಲ. ಐವತ್ತಮೂರು ವರ್ಷದ ಈ ಭೂವಿಜ್ಞಾನಿ ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುತ್ತಾನೆ. ಸರ್ಕಾರದ ಲಾಂಛನವಿರುವ ಲಕೋಟೆ ಬಂದರೆ ಹೆಂಡತಿ ಸೌಜನ್ಯ ಕೆಲಸದಿಂದ ಬರುವವರೆಗೆ ಅದನ್ನು ಒಡೆಯದೆ ಊಟದ ಮೇಜಿನ ಮೇಲೆ ಇಟ್ಟು, ಅದರ ಸುತ್ತ ಓಡಾಡುತ್ತಾನೆ.

ಹೆದರಿಕೆಗೆ ಕಾರಣಗಳಿದ್ದವು. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರ ಮಗ. ಹದಿನೇಳನೆಯ ವಯಸ್ಸಿಗೆ ಊರಿನ ಒಂದು ಲೀಗ್ ತಂಡ ಸೇರಿದ. ತಂಡದಲ್ಲಿ ಅವನೇ ಕಿರಿಯ, ಆದ್ದರಿಂದ ಅವನನ್ನು ಶಾರ್ಟ್ ಲೆಗ್‌ನಲ್ಲಿ ನಿಲ್ಲಿಸಿದರು. ಬ್ಯಾಟ್ಸ್‌ಮನ್ನಿನ ಮೊಣಕಾಲಿಗೆ ಎರಡು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬ್ಯಾಟಿನಿಂದ ಸಿಡಿಯುವ ಚೆಂಡನ್ನು ಹಿಡಿಯಬೇಕಾದ ಜಾಗ ಅದು. ತಂಡಕ್ಕೆ ಇದ್ದದ್ದು ಒಂದು ಹೆಲ್ಮೆಟ್, ಅದು ಕ್ಯಾಪ್ಟನ್ನಿನದು. ಒಂದು ಭಾನುವಾರ ಚೆಂಡು ನಾಗೇಂದ್ರನ ಎಡಗಿವಿಗೆ ಬಡಿಯಿತು. ಆ ಕಿವಿ ಮತ್ತೆ ಕೇಳಲಿಲ್ಲ. ಮುಂದಿನ ತಿಂಗಳು ಅವನು ಮತ್ತೆ ಅದೇ ಜಾಗದಲ್ಲಿ ನಿಂತ. ಏಕೆಂದು ಕೇಳಿದರೆ ಇಂದಿಗೂ ಒಂದೇ ಉತ್ತರ: "ಅಲ್ಲಿ ನಿಲ್ಲಲ್ಲ ಅಂತ ಕ್ಯಾಪ್ಟನ್‌ಗೆ ಹೇಳೋಕೆ ಚೆಂಡಿಗಿಂತ ಜಾಸ್ತಿ ಭಯ ಆಗ್ತಿತ್ತು." ಅವನ ಜೀವನದ ಬಹುಪಾಲು ನಿರ್ಧಾರಗಳನ್ನು ಈ ಒಂದು ಮಾತು ವಿವರಿಸುತ್ತದೆ.

ಇಪ್ಪತ್ತೇಳರಲ್ಲಿ ಬ್ರಿಸ್ಬೇನ್‌ಗೆ ಓದಲು ಬಂದ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಒಂದು ಪೆಟ್ರೋಲ್ ಬಂಕಿನಲ್ಲಿ ಕೆಲಸ. ಎರಡನೆಯ ವರ್ಷ ಯಾವುದೋ ಕಚೇರಿಯಲ್ಲಿ ಅವನ ವೀಸಾ ಅರ್ಜಿ ಕಳೆದುಹೋಯಿತು. ಇಪ್ಪತ್ತೆಂಟು ದಿನಗಳಲ್ಲಿ ದೇಶ ಬಿಡಬೇಕೆಂದು ಪತ್ರ ಬಂತು. ಇಪ್ಪತ್ತೈದನೆಯ ದಿನ, ಹಳೆಯ ಕೋಟಿನ ಒಳಜೇಬಿನಲ್ಲಿ, ಅರ್ಜಿ ಸಲ್ಲಿಸಿದ ರಸೀತಿ ಸಿಕ್ಕಿತು. ಆ ಇಪ್ಪತ್ತೈದು ದಿನಗಳಲ್ಲಿ ಅವನು ಎಂಟು ಕಿಲೋ ಇಳಿದ. ಅಂದಿನಿಂದ ಸಹಿಯಿಲ್ಲದೆ ಯಾರಿಗೂ ಏನನ್ನೂ ಕೊಡುವುದಿಲ್ಲ, ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯವರಿಗೆ ಏಣಿ ಕೊಟ್ಟರೂ ಒಂದು ಚೀಟಿ ಬರೆಸಿಕೊಳ್ಳುತ್ತಾನೆ. ಬಡಾವಣೆಯಲ್ಲಿ ಇದೊಂದು ತಮಾಷೆಯ ವಿಷಯ.

ಮುಂದೆ ಪರ್ತ್‌ಗೆ ಬಂದು ಗಣಿಯ ಕೆಲಸ ಹಿಡಿದ. ಎರಡು ವಾರ ಮರುಭೂಮಿಯ ಗಣಿಯಲ್ಲಿ, ಒಂದು ವಾರ ಸದರ್ನ್ ರಿವರ್ ಎಂಬ ಬಡಾವಣೆಯ ಮನೆಯಲ್ಲಿ. ಸೌಜನ್ಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ. ಮಗಳು ಪೂರ್ವಿಗೆ ಹದಿನೇಳು. ಮನೆಯಿಂದ ಹತ್ತು ನಿಮಿಷದ ದೂರದಲ್ಲಿ ಟ್ರೆಮೇನ್ ಓವಲ್ ಎಂಬ ಮೈದಾನ, ಅದರ ಕ್ರಿಕೆಟ್ ಕ್ಲಬ್ಬಿಗೆ ನಾಗೇಂದ್ರ ಸೇರಿ ಹದಿಮೂರು ವರ್ಷ. ಆಟ ಬಿಟ್ಟ ಮೇಲೆ ಕಾರ್ಯದರ್ಶಿಯಾದ, ಸ್ಕೋರರ್ ಆದ. ಯಾರಿಗೂ ಬೇಡದ ಕೆಲಸಗಳು ಅವು. ಕ್ಲಬ್ಬಿನ ಅಧ್ಯಕ್ಷ ಗ್ಲೆನ್, ಭಾರಿ ಆಳು, ಕೊಳಾಯಿ ಕೆಲಸದ ಗುತ್ತಿಗೆದಾರ. ಮೈದಾನದ ಎದುರಿನ ರಸ್ತೆಯನ್ನು ಮಕ್ಕಳು ದಾಟಲು ಪಟ್ಟೆ ಬಳಿಸಿಕೊಡಿ ಎಂದು ನಾಗೇಂದ್ರ ನಗರಸಭೆಗೆ ಹನ್ನೊಂದು ಪತ್ರ ಬರೆದಿದ್ದ. ಹನ್ನೊಂದನೆಯದಕ್ಕೂ ಉತ್ತರ ಬರದಿದ್ದಾಗ ಗ್ಲೆನ್ ಅವನ ಬೆನ್ನ ಮೇಲೆ ಗುದ್ದಿ, "ನೀನೇ ಎಲೆಕ್ಷನ್‌ಗೆ ನಿಲ್ಲು ಮೇಟ್, ನಾವೆಲ್ಲ ಓಡಾಡ್ತೀವಿ" ಎಂದ. ನಾಗೇಂದ್ರನಿಗೆ ಇಲ್ಲವೆನ್ನಲು ಧೈರ್ಯವಾಗಲಿಲ್ಲ. ನಗರಸಭೆಯ ಅಭ್ಯರ್ಥಿಯಾದದ್ದು ಹೀಗೆ. ಅಕ್ಟೋಬರಿನಲ್ಲಿ ಚುನಾವಣೆ. ಅದೇ ಅಕ್ಟೋಬರಿನ ಮೊದಲ ಭಾನುವಾರ ಕ್ಲಬ್ಬಿನ ನೂರಿಪ್ಪತ್ತೈದನೆಯ ವರ್ಷದ ಸಮಾರಂಭ.

ಕ್ಲಬ್ಬನ್ನು ಸ್ಥಾಪಿಸಿದವನು ಎಡ್ವಿನ್ ಟ್ರೆಮೇನ್. ಪೆವಿಲಿಯನ್ನಿನ ಗೋಡೆಯ ಮೇಲೆ ಅವನ ತೈಲಚಿತ್ರವಿದೆ. ದಪ್ಪ ಮೀಸೆ, ಕೈಯಲ್ಲಿ ಬ್ಯಾಟು. ಕೆಳಗಿನ ಹಿತ್ತಾಳೆ ಫಲಕದಲ್ಲಿ ಎರಡೇ ಪದ: ಕ್ರಿಕೆಟಿಗ, ಜನಪ್ರತಿನಿಧಿ. ಹುಟ್ಟಿದ್ದು 1858ರಲ್ಲಿ ಅಡಿಲೇಡ್‌ನಲ್ಲಿ. ತನ್ನ ವಸಾಹತಿನ ತಂಡಕ್ಕೆ ಒಂಬತ್ತು ಪಂದ್ಯ ಆಡಿದ. ಆಮೇಲೆ ಪಶ್ಚಿಮಕ್ಕೆ ಬಂದು, ಉತ್ತರದಲ್ಲಿ ಕುರಿಗಾವಲು ಮಾಡಿ, ಪರ್ತ್‌ನ ಶಾಸನಸಭೆಯಲ್ಲಿ ಹದಿನಾಲ್ಕು ವರ್ಷ ಕೂತ. ಸಭೆಯಲ್ಲಿ ಒಳ್ಳೆಯ ಮಾತುಗಾರನೆಂದು ಹೆಸರು. ರಸ್ತೆ, ಶಾಲೆ, ಕುಡಿಯುವ ನೀರು ಎಲ್ಲದಕ್ಕೂ ದುಡಿದಿದ್ದಾನೆ. ಇದು ಸುಳ್ಳಲ್ಲ. 1886ರಿಂದ 88ರವರೆಗಿನ ಮೂರು ವರ್ಷ ಮಾತ್ರ ಎಲ್ಲಿಯೂ ದಾಖಲಾಗಿರಲಿಲ್ಲ.

ಈ ಜೀವನವನ್ನು ಪ್ರದರ್ಶನಕ್ಕಿಡುವ ಕೆಲಸವೂ ನಾಗೇಂದ್ರನ ಪಾಲಿಗೆ ಬಂತು. ಅವನು ತನಗೆ ಗೊತ್ತಿದ್ದ ರೀತಿಯಲ್ಲಿ ಮಾಡಿದ. ಗಣಿಯಲ್ಲಿ ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಉದ್ದನೆಯ ತಟ್ಟೆಗಳಲ್ಲಿ ಕ್ರಮವಾಗಿ ಜೋಡಿಸುತ್ತಾರೆ. ಯಾವ ಆಳದಲ್ಲಿ ಯಾವ ಕಲ್ಲು ಎಂದು ನೋಡಿದ ಕೂಡಲೇ ತಿಳಿಯಬೇಕು. ಎಲ್ಲಾದರೂ ಕಲ್ಲು ಪುಡಿಯಾಗಿ ಕೈಗೆ ಸಿಗದೆ ಹೋದರೆ ಆ ಜಾಗವನ್ನು ಮುಚ್ಚಿಬಿಡುವಂತಿಲ್ಲ. ಅಲ್ಲಿ ಒಂದು ಮರದ ತುಂಡು ಇಟ್ಟು, ಇಷ್ಟು ಉದ್ದ ಸಿಕ್ಕಿಲ್ಲ ಎಂದು ಅದರ ಮೇಲೆ ಬರೆಯಬೇಕು. ಟ್ರೆಮೇನ್‌ನ ಬದುಕಿಗೂ ನಾಗೇಂದ್ರ ಅಂಥದೇ ತಟ್ಟೆ ಮಾಡಿಸಿದ. ಒಂದೊಂದು ವರ್ಷಕ್ಕೆ ಒಂದೊಂದು ಅಂಗುಲ, ಅದರಲ್ಲಿ ಚಿತ್ರ, ಪತ್ರಿಕೆಯ ತುಣುಕು, ಟಿಕೆಟ್ಟು. ಆ ಮೂರು ವರ್ಷದ ಜಾಗ ಖಾಲಿ ಉಳಿಯಿತು.

ಜುಲೈನಲ್ಲಿ ಮಗಳಿಗೆ ವಿಶ್ವವಿದ್ಯಾಲಯ ತೋರಿಸಲು ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್‌ಗೆ ಹೋದಾಗ, ಪಕ್ಕದ ಆಸ್ಪತ್ರೆಯಲ್ಲಿ ಟ್ರೆಮೇನ್‌ನ ಮೊಮ್ಮಗಳು ಮಾರ್ಗರೆಟ್ ಇದ್ದಾಳೆಂದು ತಿಳಿದು ನೋಡಲು ಹೋದ. ತೊಂಬತ್ತೊಂದು ವರ್ಷದ ಆಕೆ ಮಂಚದ ಪಕ್ಕದ ಕಪಾಟಿನಿಂದ ಒಂದು ಸ್ಕೋರ್ ಪುಸ್ತಕ ತೆಗೆಸಿದಳು.

"ಅಪ್ಪ ಇದನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ನಾನು ತೆಗೆದು ನೋಡಿದೆ. ನಲವತ್ತು ವರ್ಷ ಸುಮ್ಮನಿದ್ದೆ. ನನ್ನ ಮಗನಿಗೆ ಕೊಡಲ್ಲ, ಅವನು ಸುಡ್ತಾನೆ. ನೀನು ತಗೊಂಡು ಹೋಗು."

ನಾಗೇಂದ್ರ ಬ್ಯಾಗಿನಿಂದ ಒಂದು ಫಾರಂ ತೆಗೆದ. ಗಣಿಯಲ್ಲಿ ಕಲ್ಲಿನ ಮಾದರಿ ಒಬ್ಬರಿಂದ ಒಬ್ಬರಿಗೆ ಹೋಗುವಾಗ ತುಂಬುವ ಫಾರಂ. ಯಾರಿಂದ, ಯಾರಿಗೆ, ಏನು, ಹಿಂದಿರುಗಿಸಬೇಕೇ. ಪೂರ್ವಿ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿ, "ಓ ಮೈ ಗಾಡ್, ಡ್ಯಾಡ್, ನಾಟ್ ಹಿಯರ್" ಎಂದಳಂತೆ. ಮಾರ್ಗರೆಟ್ ನಕ್ಕು, ಹಿಂದಿರುಗಿಸಬೇಕಾಗಿಲ್ಲ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದಳು. ನರ್ಸು ಸಾಕ್ಷಿಯ ಸಹಿ ಹಾಕಿದಳು. ಸಂತೋಷದಲ್ಲಿ ನಾಗೇಂದ್ರ ಆಸ್ಪತ್ರೆಯ ಮೆಟ್ಟಿಲಿನಿಂದಲೇ ಗ್ಲೆನ್‌ಗೆ ಫೋನ್ ಮಾಡಿ, ಟ್ರೆಮೇನ್‌ನ ಸ್ವಂತ ಸ್ಕೋರ್ ಪುಸ್ತಕ ಸಿಕ್ಕಿತು ಎಂದು ಹೇಳಿದ. ಒಳಗೆ ಏನಿದೆಯೆಂದು ಆಗ ಅವನಿಗೆ ಗೊತ್ತಿರಲಿಲ್ಲ.

ಮೊದಲ ಎಂಬತ್ತು ಪುಟ ಅಡಿಲೇಡ್‌ನ ಪಂದ್ಯಗಳು. ಪುಸ್ತಕವನ್ನು ತಿರುವಿ ಹಿಡಿದರೆ ಹಿಂದಿನಿಂದ ನಾಲ್ಕು ಹಾಳೆ ಬೇರೆ ಬರಹ. ಆ ಕಾಲದ ಕೈಬರಹ ನಾಗೇಂದ್ರನಿಗೆ ಓದಲು ಬರಲಿಲ್ಲ. ನಾನು ಮೈಸೂರಿನಲ್ಲಿ ಇತಿಹಾಸ ಕಲಿಸಿದವಳು, ಬ್ರಿಟಿಷ್ ಕಮಿಷನರುಗಳ ಕಡತಗಳನ್ನು ಮೂವತ್ತು ವರ್ಷ ಓದಿದವಳು, ಮಗಳ ಮನೆಯಲ್ಲಿ ಅವನಿಂದ ಎರಡು ಬೀದಿಯಾಚೆ ಇದ್ದೇನೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ತಂದ.

ಅದನ್ನು ಓದುವುದು ಕಷ್ಟವಿರಲಿಲ್ಲ. ಟ್ರೆಮೇನ್ ಪುಸ್ತಕದ ಅಚ್ಚಾದ ಅಂಕಣಗಳನ್ನೇ ಬಳಸಿಕೊಂಡಿದ್ದ. ತಂಡ ಎಂಬಲ್ಲಿ ತಾರೀಕು ಮತ್ತು 'ಸರಪಳಿ ಒಂದು', 'ಸರಪಳಿ ಎರಡು', 'ಸರಪಳಿ ಮೂರು'. ಬ್ಯಾಟ್ಸ್‌ಮನ್ ಎಂಬಲ್ಲಿ ಹೆಸರುಗಳು, ಮೂಲನಿವಾಸಿಗಳ ಹೆಸರುಗಳು, ಕೇಳಿಸಿದಂತೆ ಬರೆದುಕೊಂಡವು. ರನ್ನುಗಳ ಅಂಕಣದಲ್ಲಿ ನಡೆದ ಮೈಲಿಗಳು. ಔಟಾದ ಬಗೆ ಎಂಬ ಅಂಕಣದಲ್ಲಿ: ಜ್ವರ. ಓಡಿದ, ಗುಂಡು. ಬಾವಿಯ ಬಳಿ ಬಿಟ್ಟೆವು. ಓಡಿದ, ಗುಂಡು. ಕುತ್ತಿಗೆ. ಬದುಕಿ ಬಂದರಿಗೆ ತಲುಪಿದವರ ಮುಂದೆ, ನಾಟ್ ಔಟ್. ಕುರಿ ಕೊಂದ ಆಪಾದನೆಯ ಮೇಲೆ ಉತ್ತರದ ಜನರನ್ನು ಕುತ್ತಿಗೆಗೆ ಸರಪಳಿ ಹಾಕಿ ನೂರಾರು ಮೈಲಿ ನಡೆಸಿ, ಹಡಗಿನಲ್ಲಿ ಪರ್ತ್ ಬಳಿಯ ಫ್ರೀಮ್ಯಾಂಟಲ್ ಎದುರಿನ ದ್ವೀಪದ ಜೈಲಿಗೆ ಕಳಿಸುತ್ತಿದ್ದ ಕಾಲ ಅದು. ಹೀಗೆ ನಡೆಸಿ ತರುವವರಲ್ಲಿ ಟ್ರೆಮೇನ್ ಒಬ್ಬ. ಮೂವತ್ತನಾಲ್ಕು ಹೆಸರು. ಹತ್ತೊಂಬತ್ತು ನಾಟ್ ಔಟ್.

ನಾಗೇಂದ್ರ ನೀರು ಕೇಳಿದ. ಕುಡಿಯದೆ ಲೋಟವನ್ನು ಪುಸ್ತಕದಿಂದ ದೂರ ಸರಿಸಿಟ್ಟ.

"ಮೇಡಂ, ಇದು ಮ್ಯಾಚ್ ಅಲ್ಲ, ಅಲ್ವಾ?"

"ಅಲ್ಲ."

"ಆ ಕಡೆ ಆಗ ಗ್ರೌಂಡೇ ಇರ್ಲಿಲ್ಲ."

"ಇದನ್ನ ರಾಜ್ಯದ ಲೈಬ್ರರಿಗೆ ಕೊಡಬೇಕು. ಈ ಹೆಸರುಗಳು ಬೇರೆಲ್ಲೂ ಇರಲಾರವು."

"ಎಲೆಕ್ಷನ್ ಆಗ್ಲಿ ಮೇಡಂ. ಆಮೇಲೆ ಖಂಡಿತ. ಈಗ ಬೇಡ. ಪ್ಲೀಸ್, ಈಗ ಬೇಡ."

ಆಗಲಿ ಎಂದೆ. ಅದು ನನ್ನ ತಪ್ಪು.

ಮನೆಗೆ ಹೋದವನು ಪುಸ್ತಕವನ್ನು ಅಕ್ಕಿ ಡಬ್ಬದೊಳಗೆ ಇಟ್ಟ. ಮರುದಿನ ಪ್ರದರ್ಶನದ ತಟ್ಟೆಯಲ್ಲಿ ಖಾಲಿ ಉಳಿದ ಮೂರು ಅಂಗುಲಕ್ಕೆ ಒಂದು ಮರದ ತುಂಡು ಕೂರಿಸಿ, ದಪ್ಪ ಅಕ್ಷರದಲ್ಲಿ ಬರೆದ: 1886–88, ಸಿಕ್ಕಿಲ್ಲ. ಆ ತುಂಡನ್ನು ಮೊದಲು ಪ್ರಶ್ನಿಸಿದವಳು ಪೂರ್ವಿ. "ಬಟ್ ಯು ಫೌಂಡ್ ಇಟ್, ಡ್ಯಾಡ್" ಎಂದಳು. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲೇ ಉತ್ತರಿಸುತ್ತಾಳೆ. ಅಪ್ಪ ಕನ್ನಡದಲ್ಲಿ, "ನೀನು ಸುಮ್ನಿರು" ಎಂದ.

ಇದ್ದದ್ದನ್ನು ಸಿಕ್ಕಿಲ್ಲ ಎಂದು ಬರೆಯಬಾರದೆಂದು ಗಣಿಯಲ್ಲಿ ಅವನ ಮೊದಲ ಮೇಲಧಿಕಾರಿ ಕಲಿಸಿದ್ದ. ಒಮ್ಮೆ ನಾಗೇಂದ್ರ ಒಂದು ಮೀಟರ್ ಕಲ್ಲನ್ನು ಕೈಜಾರಿ ಕೆಸರಿಗೆ ಬೀಳಿಸಿ, ಹೆದರಿ, ಆ ಜಾಗದಲ್ಲಿ ಮರದ ತುಂಡು ಇಟ್ಟುಬಿಟ್ಟಿದ್ದ. ಅಧಿಕಾರಿ ಎಲ್ಲರ ಮುಂದೆ ತುಂಡನ್ನು ಎತ್ತಿ ಅವನ ಕೈಗೆ ಕೊಟ್ಟು, ನೆಲ ಕೊಡದಿದ್ದದ್ದು ಬೇರೆ, ನೀನು ಬೀಳಿಸಿದ್ದು ಬೇರೆ, ಎರಡಕ್ಕೂ ಒಂದೇ ತುಂಡು ಇಟ್ಟರೆ ಇಡೀ ತಟ್ಟೆಯನ್ನೇ ನಂಬುವಂತಿಲ್ಲ ಎಂದಿದ್ದ. ಇಪ್ಪತ್ತು ವರ್ಷ ನಾಗೇಂದ್ರ ಆ ತಪ್ಪನ್ನು ಮತ್ತೆ ಮಾಡಿರಲಿಲ್ಲ. ಈಗ ಮಾಡಿದ. ಪೆವಿಲಿಯನ್‌ಗೆ ಹೋದಾಗಲೆಲ್ಲ ತಟ್ಟೆಗೆ ಬೆನ್ನು ಹಾಕಿ ಕೂರತೊಡಗಿದ.

ಗ್ಲೆನ್ ಮರೆತಿರಲಿಲ್ಲ. ಆಗಸ್ಟಿನಲ್ಲಿ ತಟ್ಟೆ ನೋಡಿ, "ಆ ಪುಸ್ತಕ ಎಲ್ಲಿ ಮೇಟ್?" ಎಂದ. ನಾಗೇಂದ್ರ ಸುಳ್ಳು ಹೇಳಲು ಹೊರಟು, ಆಗದೆ, ಫೋನಿನಲ್ಲಿದ್ದ ಫೋಟೋ ತೋರಿಸಿದ. ಗ್ಲೆನ್ ಬಹಳ ಹೊತ್ತು ನೋಡಿದ. ಅವನೂ ಸ್ಕೋರ್ ಪುಸ್ತಕ ಓದಬಲ್ಲವನೇ.

"ಇದು ಹೊರಗೆ ಬಂದ್ರೆ ಓವಲ್ ಹೆಸರು ಹೋಗುತ್ತೆ. ನಿನ್ನ ಎಲೆಕ್ಷನ್ ಹೋಗುತ್ತೆ. ನನ್ನಜ್ಜ ಈ ಮೈದಾನಕ್ಕೆ ರೋಲರ್ ಎಳೆದಿದ್ದಾನೆ, ಗೊತ್ತಾ? ಪುಸ್ತಕ ಅವರ ಮನೆಯವರಿಗೆ ವಾಪಸ್ ಕೊಡು. ಎಲ್ಲರಿಗೂ ಒಳ್ಳೇದು."

ಗ್ಲೆನ್ ಕೆಟ್ಟವನಲ್ಲ. ಅವನೂ ಹೆದರಿದ್ದ ಅಷ್ಟೆ.

ಆ ತಿಂಗಳ ಕೊನೆಗೆ ಮಾರ್ಗರೆಟ್ ತೀರಿಕೊಂಡಳು. ಸೆಪ್ಟೆಂಬರ್ ಮೂರನೆಯ ವಾರ ಅವಳ ಮಗನಿಂದ ಪತ್ರ ಬಂತು. ಬ್ರಿಸ್ಬೇನ್‌ನಲ್ಲಿ ವಕೀಲ. ಬುದ್ಧಿ ಸ್ಥಿಮಿತದಲ್ಲಿಲ್ಲದ ಮುದುಕಿಯಿಂದ ಕುಟುಂಬದ ಆಸ್ತಿಯೊಂದನ್ನು ಪಡೆದುಕೊಂಡಿದ್ದೀರಿ, ಹತ್ತು ದಿನದೊಳಗೆ ಹಿಂದಿರುಗಿಸದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ, ನೀವು ಸಾರ್ವಜನಿಕ ಹುದ್ದೆಗೆ ಸ್ಪರ್ಧಿಸುತ್ತಿರುವುದು ನನಗೆ ತಿಳಿದಿದೆ. ಸೌಜನ್ಯ ಅದನ್ನು ಗಟ್ಟಿಯಾಗಿ ಓದಿದಳು. ನಾಗೇಂದ್ರ ಕುರ್ಚಿಯಿಂದ ಎದ್ದು ಹೋಗಿ, ಬೀಗ ಹಾಕಿದ್ದ ಮುಂಬಾಗಿಲಿನ ಬೀಗವನ್ನು ಎಳೆದು ನೋಡಿ ಬಂದ.

ಆ ಶನಿವಾರ ಕನ್ನಡ ಸಂಘದ ಗಣೇಶೋತ್ಸವ. ಬಾಡಿಗೆ ಹಾಲಿನಲ್ಲಿ ಊಟದ ಸಾಲು. ಸಂಘದ ಅಧ್ಯಕ್ಷ ದೇವರಾಜ, ಗಣಿ ಕಂಪನಿಯಲ್ಲಿ ದೊಡ್ಡ ಎಂಜಿನಿಯರು, ನಾಗೇಂದ್ರನನ್ನು ಪಾತ್ರೆ ತೊಳೆಯುವ ಸಿಂಕಿನ ಪಕ್ಕಕ್ಕೆ ಎಳೆದುಕೊಂಡು ಹೋದ.

"ಏನಯ್ಯಾ ಕೌನ್ಸಿಲರ್ ಸಾಹೇಬ್ರೆ, ಏನೋ ಪುಸ್ತಕ ಕದ್ದಿದೀಯಂತೆ?"

"ಕದ್ದಿಲ್ಲ ಸಾರ್. ಅವ್ರೇ ಕೊಟ್ರು."

"ಕೊಟ್ರೆ ತಗೊಂಡ್ಬಿಡೋದಾ? ನಿಂಗ್ಯಾಕೋ ಬೇಕಿತ್ತು ಈ ಉಸಾಬರಿ? ಮೊದಲ್ನೇ ಸಲ ನಮ್ಮೋನೊಬ್ಬ ನಿಂತಿದಾನೆ ಅಂತ ನಾಲ್ಕು ಬಡಾವಣೆ ಸುತ್ತಿ ಕರಪತ್ರ ಹಂಚಿದೀವಿ. ನಾಳೆ ಪೇಪರಲ್ಲಿ ನಿನ್ನ ಮುಖ ಬಂದ್ರೆ ನಮ್ಮೆಲ್ಲರ ಮುಖ ಬಂದಂಗೆ. ಅವರ ಜಗಳ ಅದು. ಅವರವರು ನೋಡ್ಕೋತಾರೆ."

"ಅದೇ ಸಾರ್, ಅವರವರಿಗೆ ಗೊತ್ತೇ ಇಲ್ವಲ್ಲ."

"ಯಾರಿಗೆ?"

ನಾಗೇಂದ್ರ ಸಿಂಕಿನಲ್ಲಿದ್ದ ಸೌಟೊಂದನ್ನು ತೊಳೆಯತೊಡಗಿದ. ದೇವರಾಜ ಒಂದು ಲೋಟ ಪಾಯಸ ಅವನ ಕೈಗೆ ತುರುಕಿ, "ಕುಡಿ, ಮುಖ ಬಿಳಿಚಿಕೊಂಡಿದೆ" ಎಂದು ಹೋದ.

ಮಂಗಳವಾರ ಮಧ್ಯಾಹ್ನ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ ಚುನಾವಣಾ ಪೋಸ್ಟರಿನಲ್ಲಿ, ನಾಗೇಂದ್ರನ ನಗುವ ಮುಖದ ಬಾಯಿಯ ಜಾಗದಲ್ಲಿ, ಯಾರೋ ಒಂದು ಕ್ರಿಕೆಟ್ ಸ್ಟಂಪ್ ಚುಚ್ಚಿದ್ದರು. ಹಿಂದಿನಿಂದ ಮೊನೆ ಹೊರಬಂದಿತ್ತು. ಹಳೆಯ ಸ್ಟಂಪು. ಬುಡದಲ್ಲಿ ಕ್ಲಬ್ಬಿನ ಹಸಿರು ಬಣ್ಣ. ಆ ಬಣ್ಣ ಬಳಿದದ್ದು ನಾಗೇಂದ್ರನೇ, ಹಿಂದಿನ ಬೇಸಗೆಯಲ್ಲಿ. ಶಾಲೆಯಿಂದ ಬಂದ ಪೂರ್ವಿ ಅದನ್ನು ಮೊದಲು ನೋಡಿದ್ದಳು. ಕಿತ್ತು ಒಳಗೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದಳು, ಕೈ ತೊಳೆದುಕೊಂಡು ಕೂತಿದ್ದಳು.

ನಾಗೇಂದ್ರ ಬಂದು ಸ್ಟಂಪನ್ನು ನೋಡಿದ. ಕಿಟಕಿಯ ಪರದೆಗಳನ್ನೆಲ್ಲ ಎಳೆದ. ಹಗಲು ಮೂರು ಗಂಟೆಗೆ ದೀಪ ಹಾಕಿಕೊಂಡು ಮೂವರೂ ಕೂತರು.

"ಕೊಟ್ಬಿಡಿ" ಎಂದಳು ಸೌಜನ್ಯ. "ನನಗೆ ಆ ಪುಸ್ತಕ ಬೇಡ, ಈ ಎಲೆಕ್ಷನ್ನೂ ಬೇಡ. ಕೊರಿಯರ್ ಮಾಡಿ ಕೈತೊಳ್ಕೊಳ್ಳಿ."

"ಮಾಡ್ತೀನಿ."

"ಇವತ್ತೇ."

"ಹೂಂ."

ಅಕ್ಕಿ ಡಬ್ಬದಿಂದ ಪುಸ್ತಕ ತೆಗೆದ, ಬಟ್ಟೆಯಿಂದ ಒರೆಸಿದ. ಪೆಟ್ಟಿಗೆಯಲ್ಲಿಟ್ಟು ಟೇಪು ಸುತ್ತಿದ. ಕೊರಿಯರ್‌ಗೆ ಕೊಡುವ ಮೊದಲು ಅಭ್ಯಾಸದಂತೆ ಹಳೆಯ ಫಾರಂ ಹುಡುಕಿದ. ವಸ್ತು ಯಾರಿಂದ ಬಂದಿದೆ ಎಂದು ನೋಡಿ ಹೊಸ ಫಾರಂ ತುಂಬಬೇಕಲ್ಲ. ಮಾರ್ಗರೆಟ್‌ಳ ಸಹಿಯ ಕೆಳಗೆ ಷರಾ ಎಂಬ ಖಾನೆಯಿತ್ತು. ಅದರಲ್ಲಿ ಆಕೆ ಅಲುಗುವ ಕೈಯಲ್ಲಿ ಎರಡು ಸಾಲು ಬರೆದಿದ್ದಳು. ಅಂದು ಅವನು ಓದಿರಲಿಲ್ಲ. ನನಗೆ ತೋರಿಸಲು ಓಡಿಬಂದ. ನಾನು ಓದಿ ಹೇಳಿದೆ: 'ಇವರ ಮನೆಯವರು ಯಾರೆಂದು ಹುಡುಕಲು ನನಗೆ ಧೈರ್ಯ ಸಾಲಲಿಲ್ಲ. ನೀನು ಹುಡುಕು.'

"ನನಗೂ ಸಾಲಲ್ಲ ಮೇಡಂ" ಎಂದ ನಾಗೇಂದ್ರ. ಅಳುತ್ತಿರಲಿಲ್ಲ, ಆದರೆ ಹಲ್ಲು ಕಟಕಟ ಎನ್ನುತ್ತಿತ್ತು. ನಾನು ಈ ವಯಸ್ಸಿಗೆ ಸಾಕಷ್ಟು ಹೆದರಿದವರನ್ನು ಕಂಡಿದ್ದೇನೆ. ಇಷ್ಟು ಪ್ರಾಮಾಣಿಕವಾಗಿ ಹೆದರಿದವನನ್ನು ಕಂಡಿರಲಿಲ್ಲ. ಧೈರ್ಯ ಹೇಳಲಿಲ್ಲ. ಹೇಳಿ ಪ್ರಯೋಜನವಿರಲಿಲ್ಲ.

"ಈ ಫಾರಂನಲ್ಲಿ ಹಿಂದಿರುಗಿಸಬೇಕಾಗಿಲ್ಲ ಅಂತಿದೆ. ಸಾಕ್ಷಿ ಇದೆ. ಪುಸ್ತಕ ನಿನ್ನದು. ಅವನಿಗೆ ಇದರ ನಕಲು ಕಳಿಸು. ಕಳಿಸೋಕೆ ಭಯವಾದರೆ ನಾನು ಕಳಿಸ್ತೀನಿ."

ಫಾರಂ ಮಡಿಸಿಕೊಂಡು, "ನಾನೇ ಕಳಿಸ್ತೀನಿ" ಎಂದ. ಬಾಗಿಲವರೆಗೆ ಹೋಗಿ ತಿರುಗಿ ಬಂದು, "ನೀವೇ ಕಳಿಸಿ ಮೇಡಂ" ಎಂದ. ನಾನೇ ಕಳಿಸಿದೆ.

ಉತ್ತರ ಬರಲಿಲ್ಲ. ಒಂಬತ್ತು ದಿನ ಬರಲಿಲ್ಲ. ಆ ಒಂಬತ್ತು ದಿನ ನಾಗೇಂದ್ರ ಗಣಿಗೂ ಹೋಗಲಿಲ್ಲ, ಪ್ರಚಾರಕ್ಕೂ ಹೋಗಲಿಲ್ಲ. ಬೀದಿಯಲ್ಲಿ ಗಾಡಿ ನಿಂತರೆ ಪೊಲೀಸರೆಂದು ತಿಳಿದು ಹಿತ್ತಲಿಗೆ ಹೋಗುತ್ತಿದ್ದ. ಪೂರ್ವಿಯನ್ನು ಬಸ್ಸಿನಲ್ಲಿ ಕಳಿಸದೆ ತಾನೇ ಶಾಲೆಗೆ ಬಿಟ್ಟು, ಗೇಟಿನೊಳಗೆ ಹೋಗುವವರೆಗೆ ನೋಡುತ್ತಿದ್ದ. ಕೊನೆಗೆ ಸೌಜನ್ಯಳಿಗೇ ಸಾಕಾಗಿ, "ಇಟ್ಕೊಂಡ್ರೂ ಭಯ, ಕೊಟ್ರೂ ಭಯ ಅಂತಾದ್ರೆ ಹೋಗಿ ಲೈಬ್ರರೀಲಾದ್ರೂ ಇಟ್ಟು ಬನ್ನಿ. ಮನೇಲಿ ಅನ್ನ ಮಾಡೋಕೆ ಡಬ್ಬ ಮುಟ್ಟೋಕಾಗ್ತಿಲ್ಲ" ಎಂದಳು.

ಗುರುವಾರ ಬೆಳಿಗ್ಗೆ ಹೊರಟ. ಮನೆ ಬಿಟ್ಟಾಗಿನಿಂದ ಒಂದು ಬಿಳಿ ಯೂಟ್, ಹಿಂಭಾಗ ತೆರೆದ ಸಣ್ಣ ಸಾಮಾನಿನ ಗಾಡಿ, ಹಿಂದೆ ಬರುತ್ತಿತ್ತು. ಗ್ಲೆನ್‌ನದೂ ಬಿಳಿ ಯೂಟೇ. ಇವನು ಬಲಕ್ಕೆ ತಿರುಗಿದಾಗ ಅದೂ ತಿರುಗಿತು, ನಿಧಾನ ಮಾಡಿದರೆ ನಿಧಾನ ಮಾಡಿತು. ಸೊಂಟದ ಬೆಲ್ಟಿನೊಳಗೆ, ಅಂಗಿಯ ಕೆಳಗೆ ಪುಸ್ತಕ. ಬೆವರಿಗೆ ಹಾಳೆ ಒದ್ದೆಯಾದೀತೆಂದು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಗಾಡಿ ಓಡಿಸಿದ. ಎಂಟು ಕಿಲೋಮೀಟರಿನ ನಂತರ ಯೂಟ್ ಒಂದು ಗಿಡಗಳ ನರ್ಸರಿಯ ಒಳಗೆ ತಿರುಗಿತು. ಹೆಂಗಸೊಬ್ಬಳು ಇಳಿದು ಗೊಬ್ಬರದ ಚೀಲ ಆರಿಸತೊಡಗಿದಳು. ನಾಗೇಂದ್ರ ರಸ್ತೆ ಬದಿಗೆ ನಿಲ್ಲಿಸಿ ವಾಂತಿ ಮಾಡಿಕೊಂಡ. ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು, ಎರಡು ರಸೀತಿ ಕೇಳಿ ಪಡೆದ.

ಭಾನುವಾರ ಸಮಾರಂಭ. ಆ ಬೆಳಿಗ್ಗೆ ಬ್ರಿಸ್ಬೇನ್‌ನ ವಕೀಲನಿಂದ ಇಮೇಲಿನಲ್ಲಿ ಒಂದೇ ಸಾಲಿನ ಉತ್ತರ ಬಂತು: ಈ ವಿಷಯದಲ್ಲಿ ನಾನು ಮುಂದುವರಿಯುವುದಿಲ್ಲ. ನಾಗೇಂದ್ರನಿಗೆ ಅದರಿಂದ ತಲೆ ತಿರುಗಿದಂತಾಯಿತು. ಮೂವತ್ತನಾಲ್ಕು ಹೆಸರುಗಳನ್ನೂ ಒಂದು ಕಾಗದದಲ್ಲಿ ಬರೆದುಕೊಂಡು, ಮೈಕಿನಲ್ಲಿ ಓದಿಬಿಡುತ್ತೇನೆ ಎಂದು ಪೆವಿಲಿಯನ್‌ಗೆ ಬಂದ. ಅಂಜುಬುರುಕರಿಗೆ ಧೈರ್ಯ ಬಂದಾಗ ಅದು ಅಳತೆ ತಪ್ಪಿ ಬರುತ್ತದೆ.

ಆ ನೆಲದ ಮೂಲನಿವಾಸಿಗಳ ಪರವಾಗಿ ಸ್ವಾಗತ ಹೇಳಲು ಲೊರೇನ್ ಎಂಬ ಹಿರಿಯಾಕೆ ಬಂದಿದ್ದಳು. ಅವರಲ್ಲಿ ಹಿರಿಯ ಹೆಂಗಸರನ್ನು ಎಲ್ಲರೂ ಆಂಟಿ ಎನ್ನುತ್ತಾರೆ, ನಮ್ಮವರಂತೆಯೇ. ನಾಗೇಂದ್ರ ಆಕೆಗೆ ಚಹಾ ಕೊಟ್ಟು, ನಿಂತಲ್ಲೇ ಎಲ್ಲವನ್ನೂ ಹೇಳಿ, ಕಾಗದ ತೋರಿಸಿದ.

"ಇವರು ನನ್ನ ಜನ ಅಲ್ಲ" ಎಂದಳು ಲೊರೇನ್. "ಉತ್ತರದವರು. ಇವರ ಹೆಸರನ್ನ ಮೈಕಿನಲ್ಲಿ ಕೂಗ್ತೀಯಾ? ಸಾಸೇಜ್ ಸುಡೋ ಒಲೆ ಪಕ್ಕದಲ್ಲಿ?"

"ಆಂಟಿ, ಎಲ್ಲರಿಗೂ ಗೊತ್ತಾಗ್ಬೇಕಲ್ಲ..."

"ಎಲ್ಲರಿಗೂ ಆಮೇಲೆ. ಮೊದಲು ಅವರ ಮನೆಯವರಿಗೆ. ಸತ್ತವರ ಹೆಸರು ಮೊದಲು ಅವರ ಮನೆಯವರ ಕಿವಿಗೆ ಹೋಗಬೇಕು, ಅಪರಿಚಿತರ ಕಿವಿಗಲ್ಲ. ನಿಮ್ಮಲ್ಲಿ ಹೇಗೋ ಗೊತ್ತಿಲ್ಲ."

"ನಮ್ಮಲ್ಲೂ ಹಾಗೇ" ಎಂದ ನಾಗೇಂದ್ರ, ದನಿ ತಗ್ಗಿಸಿ. ಕಾಗದ ಮಡಿಸಿ ಆಕೆಯ ಕೈಗೆ ಕೊಟ್ಟ. ಯಾರಿಗೆ ಫೋನ್ ಮಾಡಬೇಕೆಂದು ತನಗೆ ಗೊತ್ತು ಎಂದಳು ಆಕೆ. ಅವನು ಚೀಟಿ ಬರೆಸಿಕೊಳ್ಳಲಿಲ್ಲ. ಬ್ರಿಸ್ಬೇನ್‌ನ ದಿನಗಳ ನಂತರ, ನನಗೆ ತಿಳಿದಂತೆ, ಅದೇ ಮೊದಲು.

ಭಾಷಣದ ಸರದಿ ಬಂದಾಗ ಮೈಕಿನ ಮುಂದೆ ನಿಂತ. ಇನ್ನೂರು ಜನ. ಗ್ಲೆನ್ ಮೊದಲ ಸಾಲಿನಲ್ಲಿ ತೋಳು ಕಟ್ಟಿಕೊಂಡು. ದೇವರಾಜ ಹಿಂದೆ, ಬಾಗಿಲ ಬಳಿ. ನಾಗೇಂದ್ರನ ತುಟಿ ಅಲುಗಿತು, ಧ್ವನಿ ಬರಲಿಲ್ಲ. ಮೈಕು ಬಿಟ್ಟು ತಟ್ಟೆಯ ಹತ್ತಿರ ಹೋದ. ಮರದ ತುಂಡನ್ನು ಎರಡೂ ಕೈಯಲ್ಲಿ ಕಿತ್ತ. ಬಿಗಿಯಾಗಿ ಕೂತಿತ್ತು, ಉಗುರು ಸೀಳಿತು. ಆ ಜಾಗದಲ್ಲಿ, ಅಲ್ಲೇ ಪೂರ್ವಿಯ ಪೆನ್ನು ಪಡೆದು, ಒಂದು ಕಾರ್ಡಿನ ಮೇಲೆ ಬರೆದಿಟ್ಟ. ಎದುರಿಗಿದ್ದವರು ಎದ್ದು ಬಂದು ಓದಿದರು:

'ಈ ಮೂರು ವರ್ಷ ಸಿಕ್ಕಿವೆ. ಸಿಕ್ಕಿಲ್ಲ ಎಂದು ಬರೆದದ್ದು ನಾನು, ಅದು ಸುಳ್ಳು. ಆ ವರ್ಷಗಳಲ್ಲಿ ಈತ ಮೂವತ್ತನಾಲ್ಕು ಜನರನ್ನು ಸರಪಳಿ ಹಾಕಿ ನಡೆಸಿದ. ಹದಿನೈದು ಜನ ದಾರಿಯಲ್ಲಿ ಸತ್ತರು. ಪುಸ್ತಕ ಲೈಬ್ರರಿಯಲ್ಲಿದೆ. ಹೆಸರುಗಳು ಮೊದಲು ಅವರ ಮನೆಯವರಿಗೆ ಹೋಗುತ್ತವೆ. ನಾಗೇಂದ್ರ, ಕಾರ್ಯದರ್ಶಿ.'

ಯಾರೂ ಕೂಗಲಿಲ್ಲ. ಅವನು ಹೆದರಿದ್ದು ಆ ಕೂಗಾಟಕ್ಕೇ. ಜನ ಓದಿ, ತಟ್ಟೆಯಿಂದ ಹಿಂದೆ ಸರಿದು, ತಮ್ಮ ಊಟದ ತಟ್ಟೆಗಳನ್ನು ಹಿಡಿದು ಹೊರಗೆ ಹೋದರು. ಕೆಲವರು ಅವನ ಭುಜ ಮುಟ್ಟಿದರು, ಕೆಲವರು ಅವನನ್ನು ಸುತ್ತಿಕೊಂಡು ಹೋದರು. ಗ್ಲೆನ್ ಓದಿ, "ಉಗುರಿಗೆ ಪಟ್ಟಿ ಹಾಕ್ಕೋ, ರಕ್ತ ಬರ್ತಿದೆ" ಎಂದಷ್ಟೇ ಹೇಳಿ ಹೋದ.

ಚುನಾವಣೆಯಲ್ಲಿ ನಾಗೇಂದ್ರ ನಾಲ್ವರಲ್ಲಿ ಮೂರನೆಯವನಾದ. ಮೈದಾನದ ಹೆಸರಿನ ಬಗ್ಗೆ ಇನ್ನೂ ಸಭೆಗಳು ನಡೆಯುತ್ತಿವೆ. ರಸ್ತೆಗೆ ಪಟ್ಟೆ ಬಂದಿಲ್ಲ.

ನವೆಂಬರಿನಲ್ಲಿ ಉತ್ತರದಿಂದ ಒಬ್ಬ ಅಣ್ಣ, ಒಬ್ಬ ತಂಗಿ ಲೈಬ್ರರಿಗೆ ಬಂದರು. ಪುಸ್ತಕ ಕೊಟ್ಟವನೆಂದು ನಾಗೇಂದ್ರನನ್ನೂ ಕರೆದಿದ್ದರು. ತನ್ನನ್ನು ಬೈಯುತ್ತಾರೆಂದು ಅವನು ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದು ಕೂತ. ತಂಗಿ ಹಾಳೆಯ ಮೇಲೆ ನಿಧಾನವಾಗಿ ಬೆರಳಾಡಿಸಿ, ಸರಪಳಿ ಮೂರರ ಒಂದು ಸಾಲಿನಲ್ಲಿ ನಿಂತಳು. ಅವರ ಮುತ್ತಜ್ಜ. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದವನು ಎಂದು ನಾಲ್ಕು ತಲೆಮಾರು ಅವನ ಹೆಸರು ಎತ್ತಿರಲಿಲ್ಲವಂತೆ.

"ಇನ್ನೂರ ಹನ್ನೆರಡು" ಎಂದು ಅಣ್ಣ ಓದಿದ. "ಇದು ರನ್ನಾ?"

"ಮೈಲಿ" ಎಂದ ನಾಗೇಂದ್ರ.

"ನಾಟ್ ಔಟ್."

"ಹೌದು."

ಅಣ್ಣ ತಂಗಿ ತಮ್ಮ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ನಕಲು ಪ್ರತಿಗೆ ಸಹಿ ಬೇಕೆಂದರು ಲೈಬ್ರರಿಯವರು. ನಾಗೇಂದ್ರ ತನ್ನ ಪೆನ್ನು ಕೊಟ್ಟ. ಅದನ್ನು ಹಿಂದಕ್ಕೆ ಕೇಳಲು ಅವನಿಗೆ ಭಯವಾಯಿತು, ಬಿಟ್ಟು ಬಂದ.

ಅವನು ಈಗಲೂ ಕ್ಲಬ್ಬಿನ ಸ್ಕೋರರ್. ಆ ಕೆಲಸ ಬೇರೆ ಯಾರಿಗೂ ಬೇಡ. ಶನಿವಾರ ಮರದ ನೆರಳಿನ ಮೇಜಿನಲ್ಲಿ ಕೂತು ರನ್ನು, ಓವರು, ವೈಡು ಎಲ್ಲವನ್ನೂ ತುಂಬುತ್ತಾನೆ. ಒಬ್ಬ ಔಟಾದರೆ ಪುಸ್ತಕವನ್ನು ಪಕ್ಕಕ್ಕೆ ತಳ್ಳುತ್ತಾನೆ. ಔಟಾದ ಬಗೆ ಎಂಬ ಅಂಕಣವನ್ನು ಈಗ ಪೂರ್ವಿ ಬರೆಯುತ್ತಾಳೆ. ಅವಳು ಬರೆದು ಮುಗಿಸುವವರೆಗೆ ಅವನು ಮೈದಾನದ ಕಡೆ ನೋಡುತ್ತಿರುತ್ತಾನೆ, ಕಾರಿನ ಬೀಗ ಹಾಕಿದ್ದೇನೆಯೇ ಎಂದು ಜೇಬಿನ ಕೀಲಿ ಮುಟ್ಟಿಕೊಳ್ಳುತ್ತ.